ಪಾಲು ದಾವೆ ಮುಗಿಯುವ ಮೊದಲೇ ಮಕ್ಕಳಿಗೆ ಜೀವನಾಂಶ: ನನ್ನ ಅನುಭವ

ತಂದೆ ತೀರಿಕೊಂಡು ಆಸ್ತಿಯ ತಗಾದೆ ಕೋರ್ಟಿನಲ್ಲಿರುವಾಗ ಅಪ್ರಾಪ್ತ ಮಕ್ಕಳಿಗೆ ತಿಂಗಳ ಖರ್ಚಿನ ಹಣ ಕೊಡಿಸಲಾಗದು, ಅಂತಿಮ ಡಿಕ್ರಿಯವರೆಗೆ (ಪಾಲು ಹಂಚಿಕೊಡುವ ಕೊನೆಯ ತೀರ್ಪಿನವರೆಗೆ) ಕಾಯಲೇಬೇಕು ಎಂದು ತುಮಕೂರಿನಲ್ಲಿ ನನಗಿಂತ ಹಿರಿಯರಾದ ಹಲವು ವಕೀಲರು ಹೇಳಿದ್ದರು. ತಿಪಟೂರು ತಾಲ್ಲೂಕಿನ ಒಂದು ತೆಂಗಿನ ತೋಟದ ದಾವೆಯಲ್ಲಿ ಆ ಹಣ ವರ್ಷಕ್ಕೂ ಹೆಚ್ಚು ಕಾಲದಿಂದ ತಾಯಿಯ ಖಾತೆಗೆ ಬರುತ್ತಿದೆ. ಪಾಲು ದಾವೆ ನಡೆಸಿ ಗೊತ್ತಿರುವವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಕಕ್ಷಿದಾರರ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಮೃತರು ಮೂವರು ಅಣ್ಣತಮ್ಮಂದಿರಲ್ಲಿ ಕಿರಿಯರು, ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಸುಮಾರು ಹನ್ನೆರಡು ಎಕರೆ ಪಿತ್ರಾರ್ಜಿತ ತೋಟದ ಖಾತೆ ದೊಡ್ಡಣ್ಣನ ಹೆಸರಿನಲ್ಲಿತ್ತು. ತಿಥಿ ಕಳೆದ ಕೆಲವೇ ವಾರಗಳಲ್ಲಿ, ಮೃತರು ತಮ್ಮ ಪಾಲನ್ನು ಅಣ್ಣಂದಿರಿಗೆ ಬರೆದುಕೊಟ್ಟಿದ್ದಾರೆಂಬ ನೋಂದಣಿಯಾಗದ ವಿಲ್ ಒಂದು ಹೊರಬಂದಿತು. ಹೆಣ್ಣುಮಗಳು ಮತ್ತು ಅವಳ ತಮ್ಮ ತಾಯಿಯೊಂದಿಗೆ ತವರುಮನೆ ಸೇರಿದರು.

ನನ್ನ ಬಳಿಗೆ ಬರುವ ಮೊದಲೇ ಆ ತಾಯಿ ಬೇರೊಬ್ಬರ ಸಲಹೆಯಂತೆ, ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಪ್ರಕರಣದಡಿ ಮಕ್ಕಳ ದೊಡ್ಡಪ್ಪಂದಿರ ಮೇಲೆ ಜೀವನಾಂಶದ ಅರ್ಜಿ ಹಾಕಿದ್ದರು. ಈಗ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಪ್ರಕರಣವಾಗಿರುವ ಅದು ದೊಡ್ಡಪ್ಪನ ಮೇಲೆ ಯಾವ ಹೊಣೆಯನ್ನೂ ಹೊರಿಸುವುದಿಲ್ಲವಾದ್ದರಿಂದ ಅರ್ಜಿ ವಜಾ ಆಯಿತು. ನಾನು ಮಕ್ಕಳ ಪರವಾಗಿ ಪಾಲು ದಾವೆ ಹೂಡಿ ತಾತ್ಕಾಲಿಕ ತಡೆಯಾಜ್ಞೆ ಪಡೆದೆ. ಅದರಿಂದ ತೋಟದ ಮಾರಾಟ ನಿಂತಿತೇ ಹೊರತು ಶಾಲೆಯ ಶುಲ್ಕಕ್ಕೆ ಒಂದು ರೂಪಾಯಿಯೂ ಹುಟ್ಟಲಿಲ್ಲ. ಬಳಿಕ ಸಿವಿಲ್ ಪ್ರಕ್ರಿಯಾ ಸಂಹಿತೆಯ 151ನೇ ಪ್ರಕರಣದಡಿ (ಕೋರ್ಟಿನ ಅಂತರ್ಗತ ಅಧಿಕಾರ), ದಾವೆಯ ನಡುವೆಯೇ ಹಣ ಕೊಡಿಸುವಂತೆ ಹಾಕಿದ ಮೊದಲ ಮಧ್ಯಂತರ ಅರ್ಜಿಯೂ ತಿರಸ್ಕೃತವಾಯಿತು. ವಾದಿಗಳು ತಾವೇ ಪಾಲುದಾರರೆಂದು ಹೇಳಿಕೊಂಡು ಅವಲಂಬಿತರಂತೆ ಜೀವನಾಂಶವನ್ನೂ ಕೇಳಲಾಗದು, ವಿಲ್ ನಿಜವೋ ಸುಳ್ಳೋ ಎಂಬುದು ವಿಚಾರಣೆಯಲ್ಲಿಯೇ ತೀರ್ಮಾನವಾಗಬೇಕು ಎಂಬುದು ಆದೇಶದ ಸಾರ. ಆದರೆ ಆ ಆದೇಶದೊಳಗೇ ನನಗೆ ದಾರಿ ಕಂಡಿತು.

ಎರಡನೇ ಅರ್ಜಿಯಲ್ಲಿ, ಎದುರಾಳಿಗಳು ಹೇಳುವುದೆಲ್ಲ ನಿಜವೆಂದು ಇಟ್ಟುಕೊಂಡೇ ಲೆಕ್ಕ ಹಾಕಿದೆ. ವಿಲ್ ಸಾಚಾ ಆಗಿದ್ದರೂ ಹಿಂದೂ ಉತ್ತರಾಧಿಕಾರ ಅಧಿನಿಯಮದ 30ನೇ ಪ್ರಕರಣದಂತೆ ತಂದೆ ಬರೆಯಬಹುದಾದದ್ದು ತನ್ನ ಪಾಲನ್ನು ಮಾತ್ರ. 2005ರ ತಿದ್ದುಪಡಿ ಮತ್ತು ಸುಪ್ರೀಂ ಕೋರ್ಟಿನ 2020ರ ವಿನೀತಾ ಶರ್ಮಾ ತೀರ್ಪಿನ ನಂತರ ಮಗಳ ಹಕ್ಕೂ ಮಗನ ಹಕ್ಕಿನಂತೆ ಹುಟ್ಟಿನಿಂದಲೇ ಬರುವುದರಿಂದ, ಆ ಶಾಖೆಯ, ಅಂದರೆ ಮೃತರ ಕುಟುಂಬದ, ಪಾಲಿನ ಮೂರರಲ್ಲಿ ಎರಡು ಭಾಗ ಯಾವ ವಿಲ್ಲಿಗೂ ಸಿಗದೆ ಮಕ್ಕಳದಾಗಿಯೇ ಉಳಿಯುತ್ತದೆ. ಉಳಿದ ಒಂದು ಭಾಗವನ್ನು ದೊಡ್ಡಪ್ಪಂದಿರು ವಿಲ್ಲಿನ ಮೂಲಕ ಪಡೆದರೆನ್ನುವುದಾದರೆ, ಹಿಂದೂ ದತ್ತಕ ಮತ್ತು ಜೀವನಾಂಶ ಅಧಿನಿಯಮದ 22ನೇ ಪ್ರಕರಣದಂತೆ, ಮೃತರ ಆಸ್ತಿಯನ್ನು ಯಾರು ಪಡೆದರೋ ಅವರೇ ಅದರಲ್ಲಿ ಪಾಲು ಸಿಗದ ಅವಲಂಬಿತರನ್ನು ಸಾಕಬೇಕು. ಹೀಗೆ ದಾವೆ ಯಾರ ಕಡೆಗೆ ತಿರುಗಿದರೂ ಹಣ ಕೊಡಲೇಬೇಕಾಗುತ್ತದೆ. ಇದರ ಜೊತೆಗೆ, ಈಗ ಕೊಡುವ ಮೊತ್ತವನ್ನು ಅಂತಿಮ ಡಿಕ್ರಿಯಲ್ಲಿ ಮಕ್ಕಳ ಪಾಲಿನ ಹುಟ್ಟುವಳಿಯಿಂದ ಮುರಿದುಕೊಳ್ಳಬಹುದೆಂದು ನಾನೇ ಬರೆದುಕೊಟ್ಟೆ. ನ್ಯಾಯಾಧೀಶರ ಹಿಂಜರಿಕೆಯನ್ನು ಕಳೆದದ್ದು ಈ ಒಂದು ವಾಕ್ಯವೆಂದೇ ನನ್ನ ನಂಬಿಕೆ. ಹಣ ಕೊಡಲು ಒಪ್ಪದಿದ್ದರೆ ಸಿವಿಲ್ ಸಂಹಿತೆಯ ಆದೇಶ 40ರಡಿ ರಿಸೀವರ್ (ಕೋರ್ಟಿನ ಪರವಾಗಿ ಆಸ್ತಿ ನೋಡಿಕೊಳ್ಳುವವರು) ನೇಮಿಸಬೇಕೆಂಬ ಪರ್ಯಾಯ ಕೋರಿಕೆಯೂ ಅದರಲ್ಲಿತ್ತು.

ಇನ್ನು ಆದಾಯದ ಪುರಾವೆ. ತೋಟದಿಂದ ವರಮಾನವೇ ಇಲ್ಲವೆಂದು ಪ್ರತಿವಾದಿಗಳು ಪ್ರಮಾಣಪತ್ರ ಹಾಕಿದ್ದರು. ತಿಪಟೂರಿನ ಕಡೆಯ ಉಂಡೆ ಕೊಬ್ಬರಿ ಅಟ್ಟದ ಮೇಲೆ ಎಂಟು ಹತ್ತು ತಿಂಗಳು ಒಣಗಿದ ನಂತರವೇ ಮಾರುಕಟ್ಟೆಗೆ ಹೋಗುವುದರಿಂದ, ಈ ವರ್ಷ ಕೆಡವಿದ ಕಾಯಿಯ ಹಣ ಕಾಗದದ ಮೇಲೆ ಕಾಣುವುದು ಮುಂದಿನ ವರ್ಷ. ಕೋರ್ಟ್ ಕಮಿಷನರ್ (ಸ್ಥಳ ನೋಡಿ ಕೋರ್ಟಿಗೆ ವರದಿ ಕೊಡುವವರು) ತೋಟವನ್ನಷ್ಟೇ ನೋಡಿ ಹಿಂದಿರುಗದೆ ಅಟ್ಟವನ್ನೂ ಹತ್ತಿ ನೋಡಬೇಕೆಂದು ಬೇಡಿಕೊಂಡೆ. ಇಡೀ ಪ್ರಕರಣದಲ್ಲಿ ನನಗೆ ಹೆಮ್ಮೆಯೆನಿಸುವ ಕೆಲಸ ಅದೇ. ಹೆಚ್ಚುಕಡಿಮೆ 750 ಮರ, ಮರಕ್ಕೆ ವರ್ಷಕ್ಕೆ 70 ಕಾಯಿ, ಕಿಲೋ ಕೊಬ್ಬರಿಗೆ ಎಂಟು ಕಾಯಿಯೆಂದರೆ ಸುಮಾರು 65 ಕ್ವಿಂಟಲ್ ಆಗುತ್ತದೆ. ಬೆಲೆಯ ಬಗ್ಗೆ ಜಗಳ ಬೇಡವೆಂದು 2024ರ ಬೆಂಬಲ ಬೆಲೆಯಾದ ಕ್ವಿಂಟಲಿಗೆ 12,000 ರೂಪಾಯಿಯನ್ನೇ ಹಿಡಿದೆ. ಮೂರನೇ ಒಂದು ಪಾಲನ್ನು ಖರ್ಚಿಗೆ ಕಳೆದರೆ ಐದು ಲಕ್ಷದ ಮೇಲೆ ಉಳಿಯುತ್ತದೆ, ಅದರಲ್ಲಿ ಆ ಶಾಖೆಗೆ ಸೇರುವುದು 1.7 ಲಕ್ಷದಷ್ಟು. ತಿಂಗಳಿಗೆ 14,000 ಕೇಳಿದ್ದೆ. ಇಬ್ಬರಿಗೂ ಸೇರಿ 9,000 ಆಯಿತು, ಅದೂ ಅರ್ಜಿಯ ದಿನದಿಂದ ಅನ್ವಯವಾಗುವಂತೆ. ಸುಪ್ರೀಂ ಕೋರ್ಟಿನ ರಜನೇಶ್ ವಿರುದ್ಧ ನೇಹಾ ತೀರ್ಪಿನ ಆಸ್ತಿ ಮತ್ತು ಹೊಣೆಗಾರಿಕೆಯ ಪ್ರಮಾಣಪತ್ರದ ನಮೂನೆ ಗಂಡಹೆಂಡಿರ ಪ್ರಕರಣಗಳಿಗೆ ಮೀಸಲಾದುದಾದರೂ ತಾಯಿಯಿಂದ ಅದನ್ನೇ ತುಂಬಿಸಿ ಸಲ್ಲಿಸಿದ್ದೆ. ಮಕ್ಕಳ ಖರ್ಚಿನ ಬಗ್ಗೆ ಎದುರು ಕಡೆಗೆ ಹೆಚ್ಚು ಪ್ರಶ್ನೆಗಳೇ ಉಳಿಯಲಿಲ್ಲ.

ಮೊದಲ ಕಂತುಗಳು ಬಂದು ಹಣ ನಿಂತುಹೋಯಿತು. ಆದೇಶ ಜಾರಿ ಮಾಡುವ ಕೋರ್ಟಿನ ಅಮೀನರ ಹಿಂದೆ ತಿರುಗುವ ಬದಲು, ಪ್ರತಿವಾದಿಗಳ ಕೊಬ್ಬರಿ ಹಣ ಯಾವ ಮಂಡಿಯಲ್ಲಿ ಬಾಕಿಯಿದೆಯೆಂದು ತಿಳಿದುಕೊಂಡು ಸಿವಿಲ್ ಸಂಹಿತೆಯ ಆದೇಶ 21, ನಿಯಮ 46ಎ (ಬಾಕಿದಾರನಿಗೆ ಹಣ ಕೊಡಬೇಕಾದವರಿಂದಲೇ ವಸೂಲಿ) ಪ್ರಕಾರ ಆ ಮಂಡಿಗೇ ನೋಟಿಸ್ ಕೊಡಿಸಿದೆ. ಮುಂದಿನ ವಾಯಿದೆಯೊಳಗೆ ಬಾಕಿಯೆಲ್ಲ ಜಮಾ ಆಯಿತು. ಮಂಡಿಯನ್ನು ಪತ್ತೆ ಮಾಡಿದ ಬಗೆಯನ್ನು ಇಲ್ಲಿ ಬರೆಯುವುದಿಲ್ಲ. ನಡೆಯುತ್ತಿರುವ ಬೇರೆ ಪ್ರಕರಣಗಳಲ್ಲಿ ಅದು ನನಗೆ ಇನ್ನೂ ಬೇಕಾಗಿದೆ.

ಖರ್ಚಿನ ಮಾತು ಹೇಳುವುದಾದರೆ, ಕಮಿಷನರ್ ಶುಲ್ಕ, ದೃಢೀಕೃತ ನಕಲು, ಟೈಪಿಂಗ್, ಓಡಾಟ ಎಲ್ಲ ಸೇರಿ ಇಪ್ಪತ್ತೈದು ಸಾವಿರದ ಹತ್ತಿರ ಬಂದಿರಬೇಕು. ನನ್ನ ಶುಲ್ಕವನ್ನು ಬಾಕಿ ಹಣ ಬಂದ ಮೇಲೆಯೇ ತೆಗೆದುಕೊಂಡೆ. ಅಷ್ಟೂ ಇಲ್ಲದ ಕಕ್ಷಿದಾರರನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕಳುಹಿಸಬೇಕು. ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದ 12ನೇ ಪ್ರಕರಣದಡಿ ಹೆಂಗಸರಿಗೂ ಮಕ್ಕಳಿಗೂ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ.

ತಗಾದೆಯ ಹೊರಗಿನ ಹಣವನ್ನೂ ಈ ನಡುವೆ ಹುಡುಕಿದೆ. ಮೃತರು ಮದುವೆಗೆ ಮೊದಲೇ ಭವಿಷ್ಯನಿಧಿಗೆ (ಪಿಎಫ್) ಅಣ್ಣನನ್ನು ನಾಮಿನಿ ಮಾಡಿದ್ದರು. ಭವಿಷ್ಯನಿಧಿ ಯೋಜನೆಯ ಪ್ರಕಾರ, ಸಂಸಾರವಿಲ್ಲದಾಗ ಮಾಡಿದ ನಾಮನಿರ್ದೇಶನ ಮದುವೆಯಾದೊಡನೆ ಅಸಿಂಧುವಾಗುತ್ತದೆ. ಮದುವೆಯ ಪ್ರಮಾಣಪತ್ರ ಮತ್ತು ಮಕ್ಕಳ ಜನನ ಪತ್ರಗಳನ್ನು ಲಗತ್ತಿಸಿದ ಮೇಲೆ ಹಣ ತಾಯಿಗೂ ಮಕ್ಕಳಿಗೂ ಬಂತು. ನೌಕರರ ಪಿಂಚಣಿ ಯೋಜನೆಯಡಿ ವಿಧವಾ ಪಿಂಚಣಿಯ ಶೇಕಡಾ 25ರಂತೆ ಇಬ್ಬರು ಮಕ್ಕಳಿಗೂ 25 ವರ್ಷ ತುಂಬುವವರೆಗೆ ಪಿಂಚಣಿ ಸಿಗುತ್ತದೆ. ಮೊತ್ತ ದೊಡ್ಡದಲ್ಲವಾದರೂ ಅದಕ್ಕೆ ಯಾವ ದೊಡ್ಡಪ್ಪನ ಸಹಿಯೂ ಬೇಕಿಲ್ಲ. ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವಕ್ಕೂ ಅರ್ಜಿ ಹಾಕಿಸಿದ್ದೆ, ಅದು ಮಂಜೂರಾಗಲಿಲ್ಲ.

2025ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿ ಕ್ವಿಂಟಲಿಗೆ 20,000 ದಾಟಿದ್ದರಿಂದ, ನಾನೇ ಹಿಡಿದಿದ್ದ 12,000ದ ಲೆಕ್ಕ ಈಗ ಮಕ್ಕಳಿಗೆ ಸಾಲದಾಗಿದೆ. ಪರಿಸ್ಥಿತಿ ಬದಲಾದಾಗ ಮೊತ್ತವನ್ನು ಬದಲಿಸಬಹುದೆಂಬ, ದತ್ತಕ ಮತ್ತು ಜೀವನಾಂಶ ಅಧಿನಿಯಮದ 25ನೇ ಪ್ರಕರಣದ ತತ್ವವನ್ನು ಮುಂದಿಟ್ಟುಕೊಂಡು 15,000ಕ್ಕೆ ಹೆಚ್ಚಿಸುವಂತೆ ಅರ್ಜಿ ಸಲ್ಲಿಸಿದ್ದೇನೆ. ಎದುರಾಳಿಗಳ ಆಕ್ಷೇಪಣೆಗೆ ವಾಯಿದೆ ಕೊಟ್ಟಿದ್ದಾರೆ.