ಪಂಚಾಯಿತಿ ಬಾಗಿಲು ತೆರೆದೆ, ಜಾತ್ರೆಯಾಗಲಿಲ್ಲ

"ನೀವು ಕೌಂಟರ್ ತೆರೆದ ದಿನವೇ ಜಾತ್ರೆಯಾಗುತ್ತದೆ, ಮೂರನೆಯ ದಿನ ನೀವೇ ಬೀಗ ಹಾಕುತ್ತೀರಿ" ಎಂದು 2020ರ ಬೇಸಿಗೆಯಲ್ಲಿ, ಕೊರೊನಾ ನಡುವೆ ಪಂಚಾಯಿತಿ ಕೌಂಟರ್ ತೆರೆಯುತ್ತೇನೆ ಎಂದಾಗ, ತಾಲ್ಲೂಕು ಮಟ್ಟದ ಸಭೆಯೊಂದರಲ್ಲಿ ನಕ್ಕವರು ಹಲವರು. ಅರ್ಜಿ ಎಲ್ಲಿಗೆ ಬಂತು ಎಂಬುದನ್ನು ಊರೂರಿನ ಗೋಡೆಯ ಮೇಲೆ ಬರೆಸಿ ಆ ಸಾಲನ್ನು ಕರಗಿಸಿದೆ. ಅವರಲ್ಲಿ ಕೆಲವರು ಮುಂದೆ ಫೋನ್ ಮಾಡಿ, "ಆ ಗೋಡೆಯ ವಿಷಯ ಸ್ವಲ್ಪ ಬಿಡಿಸಿ ಹೇಳಿ" ಎಂದು ಕೇಳಿದರು. ಒಬ್ಬೊಬ್ಬರಿಗೂ ಹೇಳಿ ಗಂಟಲು ಒಣಗಿದ್ದರಿಂದ ಬರೆದೇ ಬಿಡುತ್ತಿದ್ದೇನೆ. ನನ್ನದು ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ ಕೆಲಸ. ಆ ಕೆಲಸ ಮಾಡಿದವರಿಗೆ ನಮೂನೆ 6, ಎನ್‌ಎಂಆರ್, ಇ-ಸ್ವತ್ತು ಎಂದರೆ ಏನೆಂದು ನಾನು ಹೇಳಬೇಕಾಗಿಲ್ಲ. ಉಳಿದವರಿಗೆ: ನಮೂನೆ 6 ಎಂದರೆ ಉದ್ಯೋಗ ಖಾತರಿಯಲ್ಲಿ ಕೆಲಸ ಕೇಳುವ ಅರ್ಜಿ, ಎನ್‌ಎಂಆರ್ ಎಂದರೆ ಕೂಲಿಕಾರರ ಹಾಜರಿ ಪಟ್ಟಿ, ಇ-ಸ್ವತ್ತು ಎಂದರೆ ಪಂಚಾಯಿತಿ ಆಸ್ತಿಗಳ ಕಂಪ್ಯೂಟರ್ ದಾಖಲೆ.

ನನ್ನ ಪಂಚಾಯಿತಿ ಯಾದಗಿರಿ ಜಿಲ್ಲೆಯಲ್ಲಿ ಗುರುಮಠಕಲ್ ಕಡೆಗಿದೆ. ಒಂದು ದೊಡ್ಡ ಊರು, ಒಂದು ಸಣ್ಣ ಊರು, ನಾಲ್ಕು ತಾಂಡಾ, ಅಂದರೆ ಲಂಬಾಣಿಗರ ವಸತಿಗಳು. ತಾಂಡಾಗಳ ಅರ್ಧಕ್ಕರ್ಧ ಜನ ವರ್ಷದ ಬಹುಪಾಲು ಮುಂಬೈ, ಪುಣೆ, ಬೆಂಗಳೂರಿನಲ್ಲಿ ಇರುತ್ತಾರೆ. ಸಿಬ್ಬಂದಿ ಎಂದರೆ ಒಬ್ಬ ಡಾಟಾ ಎಂಟ್ರಿ ಆಪರೇಟರ್, ಒಬ್ಬ ಕರವಸೂಲಿಗಾರ, ಒಬ್ಬ ಅಟೆಂಡರ್, ಊರಿಗೊಬ್ಬ ವಾಟರ್‌ಮ್ಯಾನ್.

ಪಕ್ಕದ ಕಲಬುರಗಿಯಲ್ಲಿ ಮಾರ್ಚ್ 10ರಂದು ತೀರಿಕೊಂಡ ವೃದ್ಧರದು ದೇಶದಲ್ಲೇ ಮೊದಲ ಕೊರೊನಾ ಸಾವು ಎಂದು ಎರಡು ದಿನ ಬಿಟ್ಟು ಖಚಿತವಾದಾಗ ನಮ್ಮ ಭಾಗದ ಜನ ಹೆದರಿದ್ದು ಉಳಿದ ಕರ್ನಾಟಕಕ್ಕಿಂತ ಒಂದು ಹಿಡಿ ಹೆಚ್ಚು. ಮಾರ್ಚ್ 25ರ ಲಾಕ್‌ಡೌನ್‌ನಲ್ಲಿಯೂ ನಾವು ನೀರು ಬಿಟ್ಟೆವು, ಚರಂಡಿ ತೆಗೆಸಿದೆವು, ಬೀದಿ ದೀಪ ಉರಿಸಿದೆವು. ನಿಂತದ್ದು ಕೌಂಟರ್ ಮಾತ್ರ. ಏಪ್ರಿಲ್ 20ರಿಂದ ಉದ್ಯೋಗ ಖಾತರಿ ಕೆಲಸಕ್ಕೆ ಅನುಮತಿ ಬಂತು. ದಿನದ ಕೂಲಿಯೂ 249 ರೂಪಾಯಿಯಿಂದ 275ಕ್ಕೆ ಏರಿತ್ತು. ಕೆಲಸ ಕೊಡಬೇಕೆಂದರೆ ಅರ್ಜಿ ತೆಗೆದುಕೊಳ್ಳಬೇಕು, ಅರ್ಜಿ ತೆಗೆದುಕೊಳ್ಳಬೇಕೆಂದರೆ ಬಾಗಿಲು ತೆರೆಯಬೇಕು. ಮೇ ಮೊದಲ ವಾರ ನಮ್ಮದು ಇನ್ನೂ ಸೋಂಕಿಲ್ಲದ ಹಸಿರು ವಲಯ. ತೆರೆದೆ.

ಎಲ್ಲರೂ ಮಾಡಿದಂತೆ ನಾನೂ ಸುಣ್ಣದಲ್ಲಿ ವೃತ್ತ ಹಾಕಿಸಿದೆ. ಆರು ಅಡಿ ಅಂತರ, ನೇರ ಸಾಲು, ಫೋಟೊ ತೆಗೆದು ಮೇಲಿನವರಿಗೆ ಕಳುಹಿಸುವುದಕ್ಕೆ ಬಹಳ ಚೆಂದ. ಆದರೆ ಮೇ ತಿಂಗಳ ಯಾದಗಿರಿಯ ಬಿಸಿಲಿನಲ್ಲಿ ಬೆಳಗಿನ ಹತ್ತರ ನಂತರ ವೃತ್ತದೊಳಗೆ ಯಾರು ನಿಲ್ಲುತ್ತಾರೆ? ವೃತ್ತಕ್ಕೊಂದು ಚಪ್ಪಲಿ, ಒಂದು ಕಲ್ಲು, ಒಂದು ಕೈಚೀಲ ಇಟ್ಟು ಜನರೆಲ್ಲ ಆವರಣದ ಒಂದೇ ಬೇವಿನ ಮರದ ಕೆಳಗೆ ಭುಜಕ್ಕೆ ಭುಜ ತಾಗಿಸಿ ಕುಳಿತರು. ಅಂತರವನ್ನು ಚಪ್ಪಲಿಗಳು ಕಾಪಾಡಿದವು. ಶಾಮಿಯಾನ ಹಾಕಿಸಿದೆ, ದಿನಕ್ಕೆ ಸುಮಾರು ಎಂಟುನೂರು ರೂಪಾಯಿ ಬಾಡಿಗೆ. ಒಂದು ಸಂಜೆಯ ಗಾಳಿಮಳೆಗೆ ಅದು ಹರಿಯಿತು, ಹರಿದ ಬಟ್ಟೆಯ ದುಡ್ಡನ್ನೂ ಕೇಳಿದರು. ಶಾಮಿಯಾನಕ್ಕೆ ಸುರಿದದ್ದು ಒಟ್ಟು ಆರು ಸಾವಿರದ ಹತ್ತಿರ, ಫಲ ಸೊನ್ನೆ.

ಆಮೇಲೆ ಫೋನಿನಲ್ಲಿ ಸರದಿ ಕೊಡುವ ಪ್ರಯತ್ನ. ಓದಿದವರೆಲ್ಲ ಇದನ್ನೇ ಸಲಹೆ ಮಾಡುತ್ತಾರೆ. ನಮ್ಮ ಎರಡು ತಾಂಡಾಗಳಲ್ಲಿ ಗುಡ್ಡ ಹತ್ತದೆ ಸಿಗ್ನಲ್ ಸಿಗುವುದಿಲ್ಲ. ಮನೆಯಲ್ಲಿರುವ ಒಂದು ಫೋನ್ ಗಂಡಸಿನ ಜೇಬಿನಲ್ಲಿ, ಅರ್ಜಿ ಕೊಡಬೇಕಾದವಳು ಹೊಲದಲ್ಲಿ. ಸರದಿ ಪಡೆದವರಲ್ಲಿ ಅರ್ಧ ಜನ ಬರಲಿಲ್ಲ, ಬಂದವರಲ್ಲಿ ಅರ್ಧ ಜನ ಸರದಿ ಪಡೆದಿರಲಿಲ್ಲ. ಆಪರೇಟರ್ ಹುಡುಗನ ಫೋನ್ ರಾತ್ರಿ ಹನ್ನೊಂದಕ್ಕೂ ಬಡಿದುಕೊಳ್ಳುತ್ತಿತ್ತು. ಅವನ ಹೆಂಡತಿ ನನಗೇ ಫೋನ್ ಮಾಡಿ, "ಸಾಹೇಬರೇ, ಇವರ ನಂಬರನ್ನು ಗೋಡೆಯ ಮೇಲಿಂದ ಅಳಿಸಿರಿ" ಎಂದು ಹೇಳಿದಳು. ಅಳಿಸಿದೆ.

ಬಾಗಿಲಿಗೆ ಅರ್ಜಿ ಪೆಟ್ಟಿಗೆಯನ್ನೂ ಕಟ್ಟಿದ್ದೆ. ಬಿದ್ದ ಕಾಗದಗಳಲ್ಲಿ ಮುಕ್ಕಾಲು ಪಾಲಿಗೆ ಆಧಾರ್ ಪ್ರತಿ ಇಲ್ಲ, ಕೆಲವಕ್ಕೆ ಹೆಸರೂ ಇಲ್ಲ, ಹೆಬ್ಬೆಟ್ಟಿನ ಗುರುತು ಮಾತ್ರ. ಒಬ್ಬ ಅಜ್ಜ ಸಂಧ್ಯಾ ಸುರಕ್ಷಾ ವೃದ್ಧಾಪ್ಯ ಪಿಂಚಣಿಯ ಹಣ ಬರಲಿಲ್ಲವೆಂದು ತನ್ನ ಬ್ಯಾಂಕ್ ಪಾಸ್‌ಬುಕ್ಕನ್ನೇ ಪೆಟ್ಟಿಗೆಗೆ ಹಾಕಿ ಹೋಗಿದ್ದ.

ಇಷ್ಟಾದ ಮೇಲೆ ಒಂದು ಕೆಲಸ ಮಾಡಿದೆ, ಈ ಬರಹದ ತಿರುಳು ಅದೇ. ಹಳೆಯ ರಿಜಿಸ್ಟರ್ ಒಂದನ್ನು ಅಟೆಂಡರ್ ಕೈಗೆ ಕೊಟ್ಟು, ಬಂದವರು ಯಾಕೆ ಬಂದರು ಎಂಬುದನ್ನು ಮಾತ್ರ ಗೀಟು ಎಳೆದು ಗುರುತು ಹಾಕು ಎಂದೆ. ವಾರ ಕಳೆದು ಎಣಿಸಿ ನೋಡಿದರೆ ಹತ್ತು ಜನರಲ್ಲಿ ಆರೇಳು ಜನ ಬಂದಿದ್ದು ಏನನ್ನೂ ಕೊಡುವುದಕ್ಕಲ್ಲ, ಪಡೆಯುವುದಕ್ಕೂ ಅಲ್ಲ. "ನನ್ನದು ಆಯಿತೇ?" ಎಂದು ಕೇಳುವುದಕ್ಕೆ. ಉದ್ಯೋಗ ಖಾತರಿಯ ಜಾಬ್ ಕಾರ್ಡ್ ಬಂತೇ, ಎನ್‌ಎಂಆರ್ ತೆಗೆದಿರಾ, ಕೂಲಿ ಜಮಾ ಆಯಿತೇ, ಆಸ್ತಿ ದಾಖಲೆಯ ನಮೂನೆ 11ಬಿ ಆಯಿತೇ. ಇನ್ನಿಬ್ಬರು ನಮಗೆ ಸಂಬಂಧವೇ ಇಲ್ಲದ ಕೆಲಸಕ್ಕೆ ಬಂದವರು: ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ಜನಧನ ಖಾತೆಯ ಐದುನೂರು ರೂಪಾಯಿ. ಹೊಸ ಅರ್ಜಿ ಹಿಡಿದು ಬಂದವರು ಹತ್ತರಲ್ಲಿ ಒಬ್ಬರೋ ಇಬ್ಬರೋ. ಅಂದರೆ ನಾನು ಸುಣ್ಣ, ಶಾಮಿಯಾನ, ಸ್ಯಾನಿಟೈಸರ್ ಎಲ್ಲವನ್ನೂ ಸುರಿದದ್ದು ಒಂದು ಪ್ರಶ್ನೆ ಕೇಳಲು ಬಂದವರ ಮೇಲೆ. ಆ ಉತ್ತರ ಅವರವರ ಊರಿಗೇ ಹೋದರೆ ಸಾಲಿಗೆ ಅರ್ಥವೇ ಉಳಿಯುವುದಿಲ್ಲ.

ಹಾಗಾಗಿ ಪ್ರತಿ ಊರಿಗೆ, ಪ್ರತಿ ತಾಂಡಾಕ್ಕೆ ಒಂದೊಂದು ಗೋಡೆ ಹಿಡಿದೆ. ಎರಡು ಕಡೆ ಶಾಲೆಯ ಗೋಡೆ, ಒಂದು ಕಡೆ ಅಂಗನವಾಡಿ, ಉಳಿದ ತಾಂಡಾಗಳಲ್ಲಿ ಸೇವಾಲಾಲ್ ಗುಡಿಯ ಪಕ್ಕದ ಕಟ್ಟೆ. ನಾಲ್ಕಡಿ ಅಗಲದಷ್ಟು ಕಪ್ಪು ಬಣ್ಣ ಹೊಡೆಸಿದೆ. ಅರ್ಜಿ ಕೊಟ್ಟವರಿಗೆ ಒಂದು ಅಂಕಿಯ ಚೀಟಿ, ಗೋಡೆಯ ಮೇಲೂ ಅದೇ ಅಂಕಿ. ಹೆಸರು ಬರೆಯಬೇಡಿ. ಹೆಸರು ಬರೆದರೆ ಯಾರ ಮನೆಗೆ ಏನು ಬಂತು ಎಂದು ಊರೆಲ್ಲ ಲೆಕ್ಕ ಹಾಕುತ್ತದೆ, ಹೊರಗಿನಿಂದ ಬಂದವರು ಯಾರೆಂದೂ ಗೊತ್ತಾಗಿಬಿಡುತ್ತದೆ, ಆ ದಿನಗಳಲ್ಲಿ ಅದು ಒಳ್ಳೆಯದಲ್ಲ. ಅಂಕಿಯ ಪಕ್ಕ ಒಂದು ಬಣ್ಣದ ಬೊಟ್ಟು: ಹಸಿರು ಎಂದರೆ ಆಗಿದೆ, ನಿಮ್ಮ ಊರಿಗೆ ಗೊತ್ತು ಮಾಡಿದ ದಿನ ಬಂದು ತೆಗೆದುಕೊಳ್ಳಿ, ಕೆಂಪು ಎಂದರೆ ಕಾಗದ ಕಡಿಮೆ ಬಿದ್ದಿದೆ, ಹಳದಿ ಎಂದರೆ ತಾಲ್ಲೂಕಿನಲ್ಲಿ ಕುಳಿತಿದೆ, ನಮ್ಮ ಕೈಯಲ್ಲಿಲ್ಲ. ಈ ಹಳದಿಯೇ ನನ್ನ ಜೀವ ಉಳಿಸಿದ್ದು. ಮೊದಲು ಎಲ್ಲ ವಿಳಂಬಕ್ಕೂ ಪಿಡಿಒಗೆ ಬೈಗುಳ ಬೀಳುತ್ತಿತ್ತು. ಹಳದಿ ಹೆಚ್ಚಾದಾಗ ಜನ ನನಗೆ ಬೈಯುವುದನ್ನು ಬಿಟ್ಟು ನನ್ನ ಮೇಲೆಯೇ ಕನಿಕರ ತೋರಿಸತೊಡಗಿದರು. ಮೇಲಿನ ಕಚೇರಿಯವರೊಬ್ಬರಿಗೆ ಆ ಗೋಡೆಯ ಫೋಟೊ ಸಿಕ್ಕಿ, ಹಳದಿ ತೆಗೆಯಿರಿ ಎಂಬ ಮಾತೂ ಬಂತು. ತೆಗೆಯಲಿಲ್ಲ. ಅವರನ್ನು ಹೇಗೆ ಒಪ್ಪಿಸಿದೆ ಎಂಬುದನ್ನು ಎದುರಿಗೆ ಸಿಕ್ಕಾಗ ಹೇಳುತ್ತೇನೆ.

ಬೊಟ್ಟಿಗೆ ಮೊದಲು ಹಾಳೆಗೆ ಹತ್ತು ರೂಪಾಯಿಯ ಹಣೆಯ ಸ್ಟಿಕರ್‌ಗಳನ್ನೇ ತಂದಿದ್ದೆ. ಬಿಸಿಲಿಗೆ ಅಂಟು ಬಿಟ್ಟು ಮಧ್ಯಾಹ್ನದ ಹೊತ್ತಿಗೆ ಮಕ್ಕಳ ಹಣೆಗೆ ಹೋಗಿರುತ್ತಿದ್ದವು. ಬಣ್ಣದ ಸೀಮೆಸುಣ್ಣವೇ ಗಟ್ಟಿ.

ಗೋಡೆ ತುಂಬುವವರು ವಾಟರ್‌ಮ್ಯಾನ್‌ಗಳು. ಬೆಳಿಗ್ಗೆ ಹೇಗೂ ನೀರು ಬಿಡಲು ಹೋಗುತ್ತಾರೆ. ಆಪರೇಟರ್ ಹಿಂದಿನ ಸಂಜೆ ಪಟ್ಟಿ ಬರೆದು ಮೊಬೈಲ್‌ಗೆ ಫೋಟೊ ಕಳುಹಿಸುತ್ತಾನೆ, ಸಿಗ್ನಲ್ ಇಲ್ಲದ ತಾಂಡಾದವನು ಕಚೇರಿಗೆ ಬಂದು ಕಾಗದದಲ್ಲಿ ಒಯ್ಯುತ್ತಾನೆ. ಹೊಸ ಅರ್ಜಿಗಳನ್ನೂ ಅವರ ಕೈಗೇ ಕೊಡಿಸಿದೆ. ಇದಕ್ಕೆ ತಿಂಗಳಿಗೆ ತಲಾ ಐದುನೂರು ರೂಪಾಯಿ ಹೆಚ್ಚಿಗೆ ಕೊಟ್ಟೆ. ಕೊಡದಿದ್ದರೆ ಎರಡನೆಯ ವಾರ ಗೋಡೆ ಖಾಲಿ ಇರುತ್ತದೆ, ನಂಬಿ.

ಕೌಂಟರ್‌ಗೆ ಬರಲೇಬೇಕಾದವರಿಗೆ ವಾರದ ದಿನಗಳನ್ನು ಹಂಚಿದೆ: ದೊಡ್ಡ ಊರಿಗೆ ಎರಡು ದಿನ, ಉಳಿದವಕ್ಕೆ ಒಂದೊಂದು, ಎರಡು ಸಣ್ಣ ತಾಂಡಾಗಳು ಕೂಡಿ ಒಂದು ದಿನ. ಊರಲ್ಲಿ ಹಲಗೆ ಬಾರಿಸಿ ಡಂಗುರ ಸಾರಿಸಿದೆ, ಗುಡಿಯ ಮೈಕಿನಲ್ಲಿಯೂ ಮಸೀದಿಯ ಮೈಕಿನಲ್ಲಿಯೂ ಹೇಳಿಸಿದೆ. ತಾಂಡಾಗಳಲ್ಲಿ ಹಿರಿಯರಾದ ನಾಯಕ, ಕಾರಭಾರಿಗಳನ್ನು ಕೂರಿಸಿಕೊಂಡು ಲಂಬಾಣಿ ಮಾತಿನಲ್ಲಿಯೇ ಒಬ್ಬ ಹುಡುಗನಿಂದ ಹೇಳಿಸಿದೆ. ಕನ್ನಡದ ಡಂಗುರಕ್ಕೆ ಅಲ್ಲಿ ಕಿವಿ ಕೊಡುವವರು ಕಡಿಮೆ. ಯಾವ ಊರಿಗೆ ಯಾವ ದಿನ ಎಂಬುದನ್ನು ಹೇಗೆ ನಿರ್ಧರಿಸಿದೆ ಎಂದು ಎಲ್ಲರೂ ಕೇಳುತ್ತಾರೆ. ಅದನ್ನು ಬರೆಯುವುದಿಲ್ಲ. ಸಂತೆಯ ದಿನವನ್ನು ಯಾರಿಗೂ ಕೊಡಬೇಡಿ ಎಂಬಷ್ಟನ್ನು ಮಾತ್ರ ಹೇಳುತ್ತೇನೆ.

ಮೇ ನಡುವಿನಲ್ಲಿ ಮಹಾರಾಷ್ಟ್ರದಿಂದ ಜನ ಬರತೊಡಗಿದರು, ಹಸಿರು ವಲಯದ ಹೆಮ್ಮೆ ಅಲ್ಲಿಗೆ ಮುಗಿಯಿತು. ಶಾಲೆ, ಹಾಸ್ಟೆಲ್‌ಗಳೆಲ್ಲ ಕ್ವಾರಂಟೈನ್ ಕೇಂದ್ರಗಳಾದವು. ನಮ್ಮ ಒಂದು ಗೋಡೆಯೂ ಅದರೊಳಗೆ ಸಿಕ್ಕಿಕೊಂಡಿತು. "ಇನ್ನು ಮುಚ್ಚಿಬಿಡಿ" ಎಂದವರೇ ಹೆಚ್ಚು. ನನ್ನ ಲೆಕ್ಕ ಬೇರೆ ಇತ್ತು. ಇಷ್ಟು ಜನ ಒಂದೇ ದಿನ ಹೊರಗೆ ಬಂದರೆ ಮರುದಿನವೇ ಜಾಬ್ ಕಾರ್ಡ್‌ಗೆ ಮುಗಿಬೀಳುತ್ತಾರೆ. ಅದಕ್ಕೆ ಅವರು ಒಳಗಿರುವಾಗಲೇ ಕಿಟಕಿಯ ಹೊರಗೆ ಒಂದು ಬೆಂಚು ಹಾಕಿಸಿ ಅರ್ಜಿ ಮತ್ತು ನಮೂನೆ 6 ಎರಡನ್ನೂ ತುಂಬಿಸಿದೆ. ಒಳಗಿದ್ದ ಪಿಯುಸಿ ಓದಿದ ಹುಡುಗಿಯೊಬ್ಬಳು ಎಲ್ಲರದನ್ನೂ ಬರೆದುಕೊಟ್ಟಳು, ಕಾಗದಗಳನ್ನು ಮೂರು ದಿನ ಗೋಣಿಚೀಲದಲ್ಲಿ ಕಟ್ಟಿಟ್ಟು ಆಮೇಲೆ ಮುಟ್ಟಿದೆವು. ಹಳೆಯ ಕಾರ್ಡ್‌ನಲ್ಲಿ ಹೆಸರು ಕಿತ್ತುಹೋದವರು, ಮದುವೆಯಾಗಿ ಬೇರೆಯಾದ ಕುಟುಂಬಗಳು, ಎಲ್ಲ ಕೂಡಿ ನೂರಿಪ್ಪತ್ತರ ಮೇಲೆ ಹೊಸ ಕಾರ್ಡ್‌ಗಳಾದವು. ಅವಧಿ ಮುಗಿಸಿ ಹೊರಬಂದ ವಾರದಲ್ಲಿ ಹೆಚ್ಚಿನವರು ಬದು ನಿರ್ಮಾಣದ ಕೆಲಸದಲ್ಲಿದ್ದರು. ಬದು ಕೆಲಸವನ್ನೇ ಆರಿಸಿದ್ದಕ್ಕೆ ಕಾರಣವಿದೆ: ಜೋಡಿಗೊಂದು ಗುಂಡಿ ಅಳೆದು ಕೊಟ್ಟರೆ ಅಂತರ ತಾನಾಗಿಯೇ ಇರುತ್ತದೆ. ಕೆರೆ ಹೂಳೆತ್ತುವ ಕೆಲಸದಲ್ಲಾದರೆ ಬುಟ್ಟಿ ಕೈಯಿಂದ ಕೈಗೆ ಹೋಗುತ್ತದೆ.

ಸರ್ವರ್ ವಿಷಯ ನಿಮಗೆ ಗೊತ್ತು. ಹನ್ನೊಂದಕ್ಕೆ ಕುಳಿತರೆ ಕಂಪ್ಯೂಟರ್ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತದೆ. ಆಪರೇಟರ್‌ಗೆ ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಕೂರಲು ಹೇಳಿ ಮಧ್ಯಾಹ್ನ ಬೇಗ ಬಿಟ್ಟೆ. ಅವನ ಇಡೀ ದಿನದ ಕೆಲಸ ಎರಡು ತಾಸಿನಲ್ಲಿ ಮುಗಿಯುತ್ತಿತ್ತು, ಮನೆಯಲ್ಲೂ ಶಾಂತಿ.

ಇನ್ನು ದುಡ್ಡು. ಗೋಡೆಗಳ ಬಣ್ಣ, ಕೂಲಿ ಸೇರಿ ಮೂರು ಸಾವಿರದ ಒಳಗೆ. ಚೀಟಿ ಪುಸ್ತಕ, ಸೀಮೆಸುಣ್ಣ, ಡಂಗುರ ಎಲ್ಲ ಕೂಡಿ ಇನ್ನೆರಡು ಸಾವಿರ. ವಾಟರ್‌ಮ್ಯಾನ್‌ಗಳಿಗೆ ಕೊಟ್ಟದ್ದನ್ನು ಬಿಟ್ಟರೆ, ಶಾಮಿಯಾನಕ್ಕೆ ಹಾಳು ಮಾಡಿದ್ದಕ್ಕಿಂತಲೂ ಕಡಿಮೆ. ಸ್ಯಾನಿಟೈಸರ್‌ಗೆ ಕೇಂದ್ರವು 200 ಮಿ.ಲೀ.ಗೆ 100 ರೂಪಾಯಿ ಮೀರಬಾರದೆಂದು ದರ ಕಟ್ಟಿದ್ದರೂ ಮೊದಲ ದಿನಗಳಲ್ಲಿ ಆ ದರಕ್ಕೆ ನಮಗೆ ಸಿಗಲಿಲ್ಲ. ಸಿಕ್ಕ ಡಬ್ಬಿಗಳೂ ಕಚೇರಿಯ ಮೇಜಿನಿಂದ ಕಾಲು ಬಂದಂತೆ ನಡೆದುಹೋಗುತ್ತಿದ್ದವು. ಸಾಬೂನಿಗೆ ಇಳಿದೆ. ಹಳೆಯ ಡ್ರಮ್ಮಿಗೆ ಕಾಲಿನಲ್ಲಿ ಒತ್ತುವ ನಲ್ಲಿ ಮಾಡಿಸಿದೆ, ವೆಲ್ಡಿಂಗ್ ಸೇರಿ ಸಾವಿರದ ಆರುನೂರು. ಮೊದಲನೆಯದರ ಸ್ಪ್ರಿಂಗ್ ವಾರದಲ್ಲಿ ಸಡಿಲವಾಯಿತು, ಎರಡನೆಯದಕ್ಕೆ ಸೈಕಲ್ ಬ್ರೇಕಿನ ತಂತಿ ಹಾಕಿಸಿದೆ, ಅದು ಎಷ್ಟೋ ತಿಂಗಳು ಬಂತು. ನೆಲ, ಬೆಂಚು ಒರೆಸಲು ನೀರಿನ ಟ್ಯಾಂಕಿಗೆಂದು ತರಿಸಿದ್ದ ಬ್ಲೀಚಿಂಗ್ ಪುಡಿಯೇ ಸಾಕಾಯಿತು, ಲೀಟರ್‌ಗೆ ಮೂವತ್ತು ಗ್ರಾಂ. ಹಳೆಯ ಪುಡಿಯಾದರೆ ಮೂಗಿಗೆ ವಾಸನೆ ಹೊಡೆಯುವುದಿಲ್ಲ, ಅಂಥದ್ದನ್ನು ಎಸೆಯಿರಿ. ಒಂದು ಕಡೆ ಜನರ ಮೇಲೆಯೇ ಔಷಧ ಸಿಂಪಡಿಸುವ ಸುರಂಗ ಕಟ್ಟಿಸಿ ಸಾವಿರಾರು ರೂಪಾಯಿ ಕಳೆದರು. ಮೈಮೇಲೆ ಸಿಂಪಡಿಸಬೇಡಿ ಎಂದು ಆರೋಗ್ಯ ಸಚಿವಾಲಯ ಏಪ್ರಿಲ್‌ನಲ್ಲಿಯೇ ಹೇಳಿತ್ತು.

ಲೆಕ್ಕದ ತಲೆನೋವು ಮಾತ್ರ ಉಳಿಯಿತು. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಆ ವರ್ಷ ಅರ್ಧ ಭಾಗ ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲು. ಡ್ರಮ್, ಸಾಬೂನು, ಬ್ಲೀಚಿಂಗ್ ಅದರಲ್ಲಿ ಹೋದವು. ಗೋಡೆಯ ಖರ್ಚನ್ನು ಸ್ವಂತ ಸಂಪನ್ಮೂಲದಲ್ಲಿ ತೋರಿಸಿದೆ. ಲೆಕ್ಕ ಪರಿಶೋಧಕರು "ಇದೇನು ಆರು ಕಡೆ ಕಪ್ಪು ಹಲಗೆ, ಪಂಚಾಯಿತಿಯೋ ಶಾಲೆಯೋ?" ಎಂದು ಕೇಳಿದರು. ಅದೇ ಪುಟದಲ್ಲಿ ಮನೆ ಕಂದಾಯದ ಅಂಕಿ ತೋರಿಸಿದೆ. ದಿನ ಹಂಚಿದ ಮೇಲೆ ಕರವಸೂಲಿಗಾರನನ್ನು ಆಯಾ ಊರಿನ ದಿನ ಕೌಂಟರ್ ಪಕ್ಕವೇ ಕೂರಿಸುತ್ತಿದ್ದೆ. ಮುಂಗಾರಿನ ಬಿತ್ತನೆ ಮುಗಿದ ಮೇಲೆ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ವಸೂಲಿ ಹಿಂದಿನ ವರ್ಷದ ಅದೇ ತಿಂಗಳುಗಳಿಗಿಂತ ಕಾಲು ಪಾಲು ಹೆಚ್ಚಾಗಿತ್ತು. ಕೊರೊನಾ ವರ್ಷದಲ್ಲಿ! ಪರಿಶೋಧಕರು ಮುಂದೆ ಕೇಳಲಿಲ್ಲ.

ಸರದಿ ಮೀರಿ ಬರುವ ದೊಡ್ಡವರ ಕಾಟ ಕಡಿಮೆಯೇನೂ ಇರಲಿಲ್ಲ. ಸದಸ್ಯರ ಅವಧಿ ಮುಗಿದು ಆಡಳಿತಾಧಿಕಾರಿ ಬಂದಿದ್ದರೂ ಮಾಜಿಗಳು ಮಾಜಿಗಳಂತೆ ಇರಲಿಲ್ಲ, ಡಿಸೆಂಬರ್ ಚುನಾವಣೆ ಕಣ್ಣೆದುರಿಗಿತ್ತು. ಅವರಿಗೆಂದು ನಾನು ಮಾಡಿದ ಏರ್ಪಾಡು ಕಾಗದದ ಮೇಲೆ ಬರೆಯುವಂಥದ್ದಲ್ಲ.

ಪಂಚಾಯಿತಿ ಗ್ರಂಥಾಲಯದ್ದೂ ಒಂದು ಪ್ರಯೋಗ ಮಾಡಿದೆವು, ಅದು ಅರ್ಧ ಗೆದ್ದಿತು. ಶಾಲೆ ಇಲ್ಲದ ಮಕ್ಕಳಿಗೆಂದು ತಾಂಡಾಕ್ಕೊಂದು ಚೀಲದಂತೆ ಮೂವತ್ತು ನಲವತ್ತು ಪುಸ್ತಕ ಕಳುಹಿಸಿದೆವು. ಕಥೆಪುಸ್ತಕಗಳು ಹರಿದು ಬಂದವು, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳು ಬರಲೇ ಇಲ್ಲ.

2021ರ ಏಪ್ರಿಲ್ ಕೊನೆಗೆ ಮತ್ತೆ ಎಲ್ಲ ಬಂದ್ ಆದಾಗ ನಾವು ಹೊಸದಾಗಿ ಏನನ್ನೂ ಕಟ್ಟಬೇಕಾಗಲಿಲ್ಲ. ಗೋಡೆಗಳನ್ನು ಆಶಾ ಕಾರ್ಯಕರ್ತೆಯರು ಲಸಿಕೆಗೆ ಕೇಳಿದರು. ಕೋವಿಶೀಲ್ಡ್‌ನ ಎರಡನೇ ಡೋಸ್‌ನ ಅಂತರ ಹನ್ನೆರಡು ವಾರಕ್ಕೆ ಏರಿದ ಮೇಲೆ ಅವರ ಹಿಂದೆಯೂ ಅದೇ "ನನ್ನದು ಬಂತೇ?" ಓಡಾಡುತ್ತಿತ್ತು. ಹಸಿರು ಬೊಟ್ಟು ಬಿದ್ದ ಅಂಕಿಯವರು ಮಾತ್ರ ಬಂದು ಹಾಕಿಸಿಕೊಂಡರು. ಆಶಾ ತಾಯಂದಿರು ಕೆಂಪನ್ನು ಬೇಡವೆಂದು ತೆಗೆಸಿದರು, ಸೂಜಿಗೆ ಹೆದರುವವರು ಅದನ್ನು ಬೇರೆಯೇ ಅರ್ಥದಲ್ಲಿ ತೆಗೆದುಕೊಳ್ಳುತ್ತಾರೆ ಎಂದು. ಬದಲಿಗೆ ಬಿಳಿ ಹಾಕಿದರು.

ಮಾಡಲು ಹೊರಟವರು ಬಣ್ಣದ ವಿಷಯದಲ್ಲಿ ಎಚ್ಚರವಿರಲಿ. ಹೊಳಪಿನ ಎಣ್ಣೆ ಬಣ್ಣ ಹೊಡೆಸಿದರೆ ಸೀಮೆಸುಣ್ಣ ಜಾರುತ್ತದೆ, ಕಪ್ಪು ಹಲಗೆಗೆಂದೇ ಸಿಗುವ ಮಂದ ಬಣ್ಣ ಕೇಳಿ ತರಿಸಿ. ಮಳೆ ಹೊಡೆಯುವ ದಿಕ್ಕಿನ ಗೋಡೆ ಬೇಡ. ಬೇರೆ ಸಿಗದಿದ್ದರೆ ಮೇಲೆ ಒಂದೂವರೆ ಅಡಿಯ ತಗಡು ಹೊಡೆಸಿ, ಮುನ್ನೂರು ರೂಪಾಯಿಯಲ್ಲಿ ಮುಗಿಯುತ್ತದೆ.