ನೀರಗಂಟಿ ಕೆಟ್ಟವನಾದ ಬಗೆ

ಕನ್ನಂಬಾಡಿ ಕಟ್ಟೆಯನ್ನು ಒಡೆಯಲು ನಾನೊಮ್ಮೆ ಹೊರಟಿದ್ದೆ, ಕಾಗದದ ಮೇಲೆ. ಮಂಡ್ಯದಲ್ಲಿ ಕುಳಿತು ಇಂಥ ಕಾಮಿಕ್ಸ್ ಬರೆಯಲು ಎದೆ ಗಟ್ಟಿ ಇರಬೇಕು. ಇಲ್ಲಿ ಬೆಳಗ್ಗೆ ಪತ್ರಿಕೆ ಬಿಡಿಸಿದವರು ರಾಶಿಫಲಕ್ಕಿಂತ ಮೊದಲು ನೋಡುವುದು ಕಟ್ಟೆಯ ನೀರಿನ ಮಟ್ಟವನ್ನು. ಗರಿಷ್ಠ 124.80 ಅಡಿ ಎನ್ನುವುದು ಮಕ್ಕಳಿಗೂ ಬಾಯಿಪಾಠ.

ನಾನು ಪ್ರೌಢಶಾಲೆಯ ಡ್ರಾಯಿಂಗ್ ಮೇಷ್ಟ್ರು. ಒಂದು ಬೇಸಿಗೆ ರಜೆಯಲ್ಲಿ 32 ಪುಟದ ಕಾಮಿಕ್ಸ್ ಮಾಡಿ, ಜೆರಾಕ್ಸ್ ಹಾಕಿಸಿ, ಜೂನ್‌ನಲ್ಲಿ ಮಕ್ಕಳ ಕೈಗೆ ಕೊಡಬೇಕೆಂದು ಕುಳಿತೆ. ನಾಯಕಿ ಸುಲಭವಾಗಿ ಬಂದಳು: ಚಿನ್ನಿ, ಏಳನೆಯ ತರಗತಿ, ನೀರಿನ ಮೇಲೆ ಓಡಬಲ್ಲವಳು. ಖಳನೂ ಸುಲಭವಾಗಿಯೇ ಬಂದ. ಕಪ್ಪು ನಿಲುವಂಗಿ, ಹುರಿಮೀಸೆ, ಪ್ರಳಯಾಂತಕ ಎಂಬ ಹೆಸರು, ಪ್ರತಿ ಪುಟದಲ್ಲೂ ಮೂರು ಮಾತಿನ ಗುಳ್ಳೆ ತುಂಬುವಷ್ಟು ಅಟ್ಟಹಾಸ. ಕಟ್ಟೆ ಒಡೆಯುವುದು ಅವನ ಸಂಚು. ಪೆನ್ಸಿಲ್ ಪ್ರತಿಯನ್ನು ಎಂಟನೆಯ ತರಗತಿಯ ಒಬ್ಬ ಹುಡುಗನಿಗೆ ಓದಲು ಕೊಟ್ಟೆ. ಅವನು ಕೊನೆಯವರೆಗೂ ಓದಿ, ಮತ್ತೆ ಮೊದಲ ಪುಟಕ್ಕೆ ತಿರುಗಿಸಿದ.

"ಸಾರ್, ಇವನ ಮನೆ ಎಲ್ಲಿದೆ?"

"ಯಾಕೋ?"

"ಶ್ರೀರಂಗಪಟ್ಟಣದ ಕಡೆಯವನಾದರೆ ಇವನೂ ಕೊಚ್ಚಿಹೋಗುತ್ತಾನೆ. ನಮ್ಮ ಕಡೆಯವನಾದರೆ ಆಮೇಲೆ ಇವನ ಗದ್ದೆಗೆ ನೀರೇ ಇರುವುದಿಲ್ಲ. ಇವನಿಗೆ ಏನು ಲಾಭ ಸಾರ್?"

ನನ್ನಲ್ಲಿ ಉತ್ತರವಿರಲಿಲ್ಲ. ಕೆಟ್ಟವನಾದ್ದರಿಂದ ಕೆಟ್ಟದ್ದು ಮಾಡುತ್ತಾನೆ ಎಂದು ಹೇಳಲು ಬಾಯಿ ತೆರೆದವನು ಹಾಗೆಯೇ ಮುಚ್ಚಿಕೊಂಡೆ.

ಮಾಡುತ್ತಿದ್ದ ಕೆಲಸವನ್ನು ಬಿಟ್ಟು ಹಳೆಯ ಅಮೆರಿಕನ್ ಕಾಮಿಕ್ಸ್‌ಗಳ ಹಿಂದೆ ಬಿದ್ದೆ. ಅಲ್ಲಿನ ಖಳರಿಗೂ ಮೊದಮೊದಲು ನನ್ನ ಪ್ರಳಯಾಂತಕನ ಗತಿಯೇ. ಸೂಪರ್‌ಮ್ಯಾನ್‌ನ ವೈರಿ ಲೆಕ್ಸ್ ಲೂಥರ್ 1940ರಲ್ಲಿ ಬಂದಾಗ ಅವನ ತಲೆಯ ತುಂಬ ಕೆಂಪು ಕೂದಲಿತ್ತು, ತಲೆಯೊಳಗೆ ಲೋಕವನ್ನು ಆಳುವ ಆಸೆಯ ಹೊರತು ಬೇರೇನೂ ಇರಲಿಲ್ಲ. 1954ರಲ್ಲಿ ಅಲ್ಲಿನ ಪ್ರಕಾಶಕರು ತಮಗೆ ತಾವೇ ಒಂದು ಕಟ್ಟುಪಾಡು ಹಾಕಿಕೊಂಡರು. ಅಪರಾಧಿಯ ಮೇಲೆ ಓದುಗರಿಗೆ ಅನುಕಂಪ ಹುಟ್ಟುವಂತೆ ಅಪರಾಧವನ್ನು ತೋರಿಸಕೂಡದು ಎಂಬುದು ಅದರಲ್ಲಿದ್ದ ಒಂದು ನಿಯಮ. ಅನುಕಂಪವೇ ಕೂಡದು ಎಂದ ಮೇಲೆ ಖಳನಿಗೆ ಕಾರಣ ಕೊಡುವ ಗೋಜಿಗೆ ಯಾರು ಹೋಗುತ್ತಾರೆ? ಕೊಟ್ಟರೂ ಅದು 1960ರಲ್ಲಿ ಲೂಥರ್‌ಗೆ ಸಿಕ್ಕ ಕಾರಣದಂತೆ ಇರುತ್ತಿತ್ತು. ಅಷ್ಟು ಹೊತ್ತಿಗೆ ಅವನು ಬೋಳುತಲೆಯವನಾಗಿ ವರ್ಷಗಳೇ ಕಳೆದಿದ್ದವು. ಬಾಲ್ಯದಲ್ಲಿ ಗೆಳೆಯನೇ ಆಗಿದ್ದ ಸೂಪರ್‌ಬಾಯ್, ಅಂದರೆ ಹುಡುಗ ಸೂಪರ್‌ಮ್ಯಾನ್, ಅವನ ಪ್ರಯೋಗಶಾಲೆಯ ಬೆಂಕಿಯನ್ನು ಊದಿ ಆರಿಸುತ್ತಾನೆ, ಆ ರಾಸಾಯನಿಕದ ಹೊಗೆಗೆ ಲೂಥರ್‌ನ ಕೂದಲೆಲ್ಲ ಉದುರುತ್ತದೆ, ಅಲ್ಲಿಗೆ ಆಜನ್ಮ ದ್ವೇಷ. ತಲೆಗೂದಲಿಗಾಗಿ ಇಷ್ಟೆಲ್ಲವೇ ಎಂದು ನಕ್ಕವರು ಬಹಳ. ನಾನೂ ನಕ್ಕೆ. ಆದರೆ ಅದೇ ಕಥೆಯಲ್ಲಿ ಕೂದಲಿನ ಜೊತೆಗೆ ಅವನು ಸೃಷ್ಟಿಸಿದ್ದ ಒಂದು ಕೃತಕ ಜೀವವೂ ನಾಶವಾಗುತ್ತದೆ, ಅದನ್ನು ಸೂಪರ್‌ಬಾಯ್ ಹೊಟ್ಟೆಕಿಚ್ಚಿನಿಂದ ಮಾಡಿದ ಎಂದು ಲೂಥರ್ ನಂಬುತ್ತಾನೆ. ಮಾಡಿದ ಕೆಲಸವನ್ನು ಗೆಳೆಯನೇ ಹಾಳುಮಾಡಿದ ಎಂಬ ಅನುಮಾನ ಎಂಥವರನ್ನೂ ಕೆಡಿಸಬಲ್ಲದು. ನಗು ಸ್ವಲ್ಪ ಕಡಿಮೆಯಾಯಿತು.

1971ರಲ್ಲಿ ಆ ಕಟ್ಟುಪಾಡು ಸಡಿಲವಾಯಿತು. 1963ರಲ್ಲಿ ಬಂದಿದ್ದ ಎಕ್ಸ್-ಮೆನ್ ಕಾಮಿಕ್ಸ್‌ನ ಖಳ ಮ್ಯಾಗ್ನೆಟೊ 1981ರ ಹೊತ್ತಿಗೆ ನಾಜಿಗಳ ಯಾತನಾ ಶಿಬಿರದಿಂದ ಬದುಕುಳಿದು ಬಂದವನಾದ. ತನ್ನಂತೆ ಹುಟ್ಟಿನಿಂದಲೇ ವಿಶೇಷ ಶಕ್ತಿ ಇರುವ ಜನರಿಗೆ ಮತ್ತೆ ಆ ಗತಿ ಬರಬಾರದೆಂದು ಲೋಕಕ್ಕೇ ಬೆದರಿಕೆ ಹಾಕುವವನು ಅವನು.

ಇದನ್ನು ಓದಿದ ನಾನು, ನನ್ನವನಿಗೂ ಒಂದು ನೋವು ಕೊಟ್ಟರೆ ಮುಗಿಯಿತು ಎಂದುಕೊಂಡೆ. ನೋವಿಗೆ ಬರವೇ? ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ, ನೀರು ನಿಂತಾಗ ಹಳೆಯ ಕನ್ನಂಬಾಡಿ ಊರು ಮುಳುಗಿತು, ಬರಗಾಲದಲ್ಲಿ ನೀರು ಇಳಿದಾಗ ಅಲ್ಲಿನ ವೇಣುಗೋಪಾಲಸ್ವಾಮಿಯ ಗುಡಿ ತಲೆಯೆತ್ತುತ್ತಿತ್ತು. ಆ ಗುಡಿಯನ್ನು ಆಮೇಲೆ ಬಿಚ್ಚಿ ತಂದು ಹೊಸ ಕನ್ನಂಬಾಡಿಯಲ್ಲಿ ಕಟ್ಟಿದರು. ಪ್ರಳಯಾಂತಕನನ್ನು ಮುಳುಗಿದ ಊರಿನ ಮರಿಮಗನನ್ನಾಗಿ ಮಾಡಿದೆ. ಎಂಟು ಪುಟ ಬರೆದೆ. ಎಂಟೂ ಪುಟದಲ್ಲಿ ಅವನು ಹಿನ್ನೀರಿನ ದಡದಲ್ಲಿ ನಿಂತು ಅಳುತ್ತಾನೆ. ನನ್ನ ಹೆಂಡತಿ ಓದಿ, "ಇವನನ್ನು ಒಳಗೆ ಕರೆದು ಒಂದು ಲೋಟ ಕಾಫಿ ಕೊಡೋಣ ಅನ್ನಿಸುತ್ತದೆ. ಹೆದರಿಕೆ ಆಗುವುದಿಲ್ಲ ರೀ" ಎಂದಳು.

ಮುಳುಗಿದ ಊರಿನವರ ದುಃಖ ಸುಳ್ಳಲ್ಲ. ಆದರೆ ನನ್ನವನಿಗೆ ಹಿಂದೆ ಏನಾಯಿತು ಎಂಬುದು ಗೊತ್ತಿತ್ತೇ ಹೊರತು ನಾಳೆ ಬೆಳಗ್ಗೆ ಏನು ಬೇಕು ಎಂಬುದು ಗೊತ್ತಿರಲಿಲ್ಲ. ಗುಡಿಯನ್ನೂ ತಂದಾಗಿದೆ, ಇನ್ನೇನು ಬೇಕು ಅವನಿಗೆ?

ದಾರಿ ತೋರಿಸಿದ್ದು ನನ್ನ ಸೋದರಮಾವ. ನಮ್ಮ ಸೀಮೆಯ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಆಡುವವರಿಗೆ ಯಾರೂ ಸಂಬಳ ಕೊಡುವುದಿಲ್ಲ, ಪಾತ್ರ ಮಾಡುವವರೇ ದುಡ್ಡು ಹಾಕಿ ಪಾತ್ರ ಹಿಡಿಯುತ್ತಾರೆ. ದುರ್ಯೋಧನನ ಪಾತ್ರಕ್ಕೆ ಇರುವ ಬೆಲೆಯೇ ಬೇರೆ. ನಮ್ಮ ಮಾವ ಆ ಪಾತ್ರಕ್ಕಾಗಿ ಒಂದು ವರ್ಷ ಹಸು ಮಾರಿದ್ದರು, ಅತ್ತೆ ಇನ್ನೂ ಅದನ್ನು ಮರೆತಿಲ್ಲ. ಆ ಸಲ ಹಾರ್ಮೋನಿಯಂ ಮೇಷ್ಟ್ರ ಮುಂದೆ ತಾಲೀಮು ಮುಗಿಸಿ ಜಗಲಿಯ ಮೇಲೆ ಬೆವರು ಒರೆಸಿಕೊಳ್ಳುತ್ತಿದ್ದವರನ್ನು ಕೇಳಿದೆ.

"ಮಾವ, ಹಸು ಮಾರಿ ಕೆಟ್ಟವನ ಪಾತ್ರ ಹಿಡಿದಿರಲ್ಲ, ಯಾಕೆ?"

"ಯಾರು ಕೆಟ್ಟವನು?" ಎಂದರು, ನಿಜವಾಗಿಯೂ ಅರ್ಥವಾಗದವರಂತೆ. "ಹಿರಿಯ ಮಗ ನಮ್ಮಪ್ಪ. ಕಣ್ಣಿಲ್ಲವೆಂದು ಪಟ್ಟ ತಮ್ಮನಿಗೆ ಹೋಯಿತು. ಇದು ಪಾಲಿನ ವ್ಯಾಜ್ಯ ಅಳಿಯಾ, ತಾಲ್ಲೂಕು ಕೋರ್ಟಿಗೆ ಹೋಗಿ ನೋಡು, ಹತ್ತರಲ್ಲಿ ಆರು ಇಂಥವೇ. ನಾನು ಕೆಟ್ಟವನು ಎಂದುಕೊಂಡು ಗದೆ ಎತ್ತಿದರೆ ಕಂದಪದ್ಯ ಗಂಟಲಲ್ಲೇ ನಿಂತುಬಿಡುತ್ತದೆ."

"ನಮ್ಮಪ್ಪ" ಎಂದರು ಮಾವ, ಧೃತರಾಷ್ಟ್ರನನ್ನು. ಛಲದೊಳ್ ದುರ್ಯೋಧನಂ ಎಂದು ಪಂಪ ಹೇಳಿ ಸಾವಿರ ವರ್ಷಕ್ಕೂ ಹೆಚ್ಚಾಯಿತು, ಶಾಲೆಯಲ್ಲಿ ಉರು ಹೊಡೆದು ನಾನು ಅಂಕವನ್ನೂ ಪಡೆದಿದ್ದೆ. ಅದು ಅರ್ಥವಾದದ್ದು ಆ ಜಗಲಿಯ ಮೇಲೆ. ದುರ್ಯೋಧನನಿಗೆ ಬೇಕಾದದ್ದು ಎಣಿಸಬಹುದಾದ ವಸ್ತು: ರಾಜ್ಯ. ಸೂಜಿಮೊನೆಯಷ್ಟೂ ಬಿಡುವುದಿಲ್ಲ ಎನ್ನುವಾಗ ಅವನ ಕಣ್ಣ ಮುಂದೆ ನೆಲವಿದೆ. ಬ್ಯಾಟ್‌ಮ್ಯಾನ್‌ನ ಮಂಜಿನ ಖಳ ಮಿಸ್ಟರ್ ಫ್ರೀಜ್‌ನ ಕಥೆಯೂ ಇದೇ. 1959ರಲ್ಲಿ ಮಿಸ್ಟರ್ ಝೀರೊ ಎಂಬ ಹೆಸರಿನಲ್ಲಿ ಬಂದ ಆತ ಮಂಜಿನ ಬಂದೂಕು ಹಿಡಿದ ಸಾಮಾನ್ಯ ಕಳ್ಳ. 1992ರ ಅನಿಮೇಷನ್ ಸರಣಿಯಲ್ಲಿ ಅವನಿಗೆ ರೋಗಪೀಡಿತ ಹೆಂಡತಿಯೊಬ್ಬಳನ್ನು ಕೊಟ್ಟರು, ಔಷಧ ಸಿಗುವವರೆಗೆ ಹಿಮದಲ್ಲಿ ಮಲಗಿಸಿದ ಹೆಂಡತಿ. ಕಾಮಿಕ್ಸ್ ಕೂಡ ಆಮೇಲೆ ಅದನ್ನೇ ಒಪ್ಪಿಕೊಂಡಿತು. ಹೆಂಡತಿಯ ಕಾಯಿಲೆ ಅವನ ನೋವು, ಸರಿ. ಕಥೆ ನಡೆಸುವುದು ಮಾತ್ರ ಅವಳು ಎದ್ದು ಕೂರಬೇಕೆಂಬ ಬಯಕೆ.

ಬ್ಯಾಟ್‌ಮ್ಯಾನ್‌ನ ಇನ್ನೊಬ್ಬ ವೈರಿ ಜೋಕರ್‌ನ ವಿಷಯ ಬೇರೆ. ತನ್ನ ಹಿಂದಿನ ಕಥೆ ತನಗೇ ನೆಟ್ಟಗೆ ನೆನಪಿಲ್ಲದ ಖಳನನ್ನು ಅನುಕರಿಸಲು ಹೊರಟ ನಮ್ಮಂಥವರು ಹಾಳಾಗುವುದೇ ಹೆಚ್ಚು, ಆ ಕಡೆ ತಲೆಹಾಕಲಿಲ್ಲ.

ಪ್ರಳಯಾಂತಕನ ನಿಲುವಂಗಿ ಬಿಚ್ಚಿಸಿದೆ. ಖಾಕಿ ಚಡ್ಡಿ, ತಲೆಗೆ ಟವೆಲ್, ಕೈಯಲ್ಲಿ ತೂಬು ತಿರುಗಿಸುವ ಕಬ್ಬಿಣದ ಕೀಲಿ. ಹೆಸರು ನೀರಗಂಟಿ. ಕೆಲಸವೂ ಅದೇ: ವಿಶ್ವೇಶ್ವರಯ್ಯ ನಾಲೆಯ ತೀರಾ ಕೊನೆಯಲ್ಲಿ, ಮಳವಳ್ಳಿ ಕಡೆಯ ಒಂದು ಊರಿನಲ್ಲಿ, ಗದ್ದೆಗಳಿಗೆ ಸರದಿಯಂತೆ ನೀರು ಬಿಡುವುದು. ಕಟ್ಟು ನೀರು ಪದ್ಧತಿಯಲ್ಲಿ ನಾಲೆಗೆ ಕೆಲವು ದಿನ ನೀರು ಬರುತ್ತದೆ, ಕೆಲವು ದಿನ ನಿಲ್ಲುತ್ತದೆ. ಬಂದ ನೀರು ಮೇಲಿನವರನ್ನೆಲ್ಲ ದಾಟಿ ಕೊನೆಯ ಭಾಗ ತಲುಪುವಷ್ಟರಲ್ಲಿ ಸರದಿಯೇ ಮುಗಿದಿರುತ್ತದೆ. ಅವನಿಗೆ ಬೇಕಾದದ್ದು ಇಷ್ಟೇ: ಹನ್ನೆರಡು ದಿನದೊಳಗೆ ಕೊನೆಯ ಗದ್ದೆಗೆ ನೀರು ಮುಟ್ಟಬೇಕು, ಇಲ್ಲದಿದ್ದರೆ ಹಾಕಿದ ಒಟ್ಲು, ಅಂದರೆ ಭತ್ತದ ಸಸಿಮಡಿ, ಒಣಗುತ್ತದೆ. ದಿನ ಗೊತ್ತುಮಾಡಿದ್ದರಿಂದ ನನ್ನ ಪುಟಗಳೂ ತಾವಾಗಿಯೇ ಓಡತೊಡಗಿದವು. ಮೊದಲ ದಿನ ಅರ್ಜಿ. ಮೂರನೆಯ ದಿನ ಧರಣಿ. ಐದನೆಯ ದಿನ ಕೀಲಿಗೆ ಶಕ್ತಿ ಬರುತ್ತದೆ. ಹೇಗೆ ಬಂತು ಎನ್ನುವುದನ್ನು ಒಂದೇ ಚೌಕದಲ್ಲಿ ಮುಗಿಸಿದೆ, ಸಿಡಿಲು ಎಂದು. ಮಕ್ಕಳು ಅದನ್ನು ಪ್ರಶ್ನಿಸುವುದಿಲ್ಲ. ಅವರು ಕೇಳುವುದು ಲಾಭ ಏನು ಎಂದು.

ಶಕ್ತಿಗೆ ಒಂದು ಕಟ್ಟಳೆ ಹಾಕಿದೆ. ಕೀಲಿ ತಿರುಗಿಸಿದರೆ ನೀರು ಅವನು ಹೇಳಿದಲ್ಲಿಗೆ ಹರಿಯುತ್ತದೆ, ಆದರೆ ಒಂದು ಹನಿಯೂ ಹೊಸದಾಗಿ ಹುಟ್ಟುವುದಿಲ್ಲ. ಒಬ್ಬರಿಗೆ ಕೊಡಬೇಕಾದರೆ ಇನ್ನೊಬ್ಬರಿಂದ ಕಿತ್ತುಕೊಳ್ಳಬೇಕು.

ಹನ್ನೊಂದನೆಯ ಪುಟವನ್ನು ನಾಲ್ಕು ಸಲ ಬರೆದೆ. ಆರು ಚೌಕ, ಮಾತಿಲ್ಲ. ರಾತ್ರಿ, ನಾಲೆಯ ಏರಿ, ಟಾರ್ಚ್ ಹಿಡಿದು ಮೇಲಕ್ಕೆ ನಡೆಯುತ್ತಾನೆ. ಎರಡನೆಯ ಚೌಕದಲ್ಲಿ ಟಾರ್ಚಿನ ಬೆಳಕಿಗೆ ನಾಲೆಗೆ ಇಳಿಬಿಟ್ಟ ಒಂದು ಪೈಪು ಕಾಣುತ್ತದೆ, ಮೂರನೆಯದರಲ್ಲಿ ಸಾಲು ಪೈಪುಗಳು. ನಾಲ್ಕರಲ್ಲಿ ಅವನ ಮುಖ. ಮೊದಲ ಮೂರು ಸಲವೂ ಅಲ್ಲಿ ಹಲ್ಲು ಕಚ್ಚಿದ ಸಿಟ್ಟು ಬರೆದು ಉಜ್ಜಿಹಾಕಿದೆ, ಆ ಜಾಗದಲ್ಲಿ ಕಾಗದವೇ ತೆಳುವಾಯಿತು. ಕೊನೆಗೆ ಬರೆದದ್ದು ಎಣಿಸುತ್ತಿರುವ ಮುಖ: ತುಟಿ ತುಸು ಬಿಚ್ಚಿದೆ, ಬೆರಳು ಗಾಳಿಯಲ್ಲಿ ನಿಂತಿದೆ. ಐದರಲ್ಲಿ ಕೀಲಿ. ಆರರಲ್ಲಿ ನಾಲೆ ಬರಿದು, ಕೆಸರಿನಲ್ಲಿ ಮೀನು ಒದ್ದಾಡುತ್ತಿವೆ. ಅಲ್ಲಿಂದ ಮುಂದೆ ಮೇಲಿನ ಊರಿನವರು, ಪೈಪು ಹಾಕದವರೂ ಸೇರಿ, ಕುಡಿಯುವ ನೀರಿಗೂ ಪರದಾಡುತ್ತಾರೆ. ಅವರಲ್ಲಿ ಚಿನ್ನಿಯ ಅಜ್ಜಿಯೂ ಒಬ್ಬಳು.

ಇದರಿಂದ ತೊಂದರೆಯಾದದ್ದು ಚಿನ್ನಿಗೆ. ಹಿಂದಿನ ಪ್ರತಿಯಲ್ಲಿ ಅವಳು "ನಿಲ್ಲು ದುಷ್ಟ!" ಎಂದು ಜಿಗಿಯುತ್ತಿದ್ದಳು. ಈಗ ಅವನು, "ಹೋದ ಬುಧವಾರ ನಮ್ಮ ಸರದಿಯಿತ್ತು, ಆಗ ಎಲ್ಲಿದ್ದೆ ಮಗಳೇ?" ಎಂದು ಕೇಳಿದರೆ ಅವಳ ಗುಳ್ಳೆ ಖಾಲಿ. ಅವಳಿಗೊಂದು ಉತ್ತರ ಹುಡುಕಲು ನನಗೆ ಮೂರು ವಾರ ಹಿಡಿಯಿತು, ರಜೆಯೂ ಮುಗಿಯಿತು. ಸಿಕ್ಕ ಉತ್ತರವೂ ಉತ್ತರವಲ್ಲ, ಅವಳು ಅವನನ್ನು ಅಜ್ಜಿಯ ಕೊಡದ ಹತ್ತಿರ ಕರೆದುಕೊಂಡು ಹೋಗುತ್ತಾಳೆ, ಅಷ್ಟೇ.

ಕೊನೆಯ ಪುಟದಲ್ಲಿ ಪೊಲೀಸ್ ಜೀಪು ಬಂತು. ಪುಸ್ತಕ ಮಕ್ಕಳ ಕೈಗೆ ಹೋದದ್ದು ಜುಲೈನಲ್ಲಿ. ಮೊದಲು ಲಾಭ ಕೇಳಿದ್ದ ಆ ಹುಡುಗ ಈ ಸಲ ಬೇರೆ ಪ್ರಶ್ನೆ ತಂದ: "ಇವನನ್ನು ಹಿಡಿದುಕೊಂಡು ಹೋದರೆ ನಾಳೆ ತೂಬು ಎತ್ತುವವರು ಯಾರು ಸಾರ್?" ಎರಡನೆಯ ಸಂಚಿಕೆಯಲ್ಲಿ ಹೇಳುತ್ತೇನೆ ಎಂದು ತಪ್ಪಿಸಿಕೊಂಡೆ.

ಮಾವನಿಗೂ ಒಂದು ಪ್ರತಿ ಕೊಟ್ಟಿದ್ದೆ. ಕನ್ನಡಕ ಏರಿಸಿ ಎರಡು ಸಲ ಓದಿದರು. ಚಿನ್ನಿಯ ಬಗ್ಗೆ ಏನೂ ಹೇಳಲಿಲ್ಲ. "ಇವನಿಗೆ ಒಂದು ಕಂದ ಹಾಕು, ರಂಗಕ್ಕೆ ಬರುವಾಗ ಬರಿಗೈಯಲ್ಲಿ ಬಂದಂತಿದೆ" ಎಂದರು. ಎರಡನೆಯ ಸಂಚಿಕೆಯ ಮೊದಲ ಪುಟದಲ್ಲಿ ಅದಕ್ಕಾಗಿ ದೊಡ್ಡದೊಂದು ಗುಳ್ಳೆ ಬಿಟ್ಟುಕೊಂಡು ಕುಳಿತಿದ್ದೇನೆ. ತೂಬಿಗೆ ಪ್ರಾಸ ಇನ್ನೂ ಸಿಕ್ಕಿಲ್ಲ.