ಹೆಣ್ಣುಮಕ್ಕಳ ಭೂಮಿ ಹಕ್ಕು: ಸಂಘಟನೆಗಳು ಕಾನೂನು ತಿದ್ದಿಸುವ ಬಗೆ

ಭೂಮಿಯ ಹಕ್ಕಿಗೆ ಸಂಬಂಧಿಸಿದ ನೀತಿಯನ್ನು ಮಹಿಳಾ ಸಂಘಟನೆಗಳು ಹೇಗೆ ಬದಲಿಸುತ್ತವೆ ಎಂಬುದನ್ನು ತಿಳಿಯಲು ಮಗಳಿಗೂ ಮಗನಷ್ಟೇ ಪಿತ್ರಾರ್ಜಿತ ಆಸ್ತಿಯ ಹಕ್ಕು ಕೊಟ್ಟ 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯ ಹಾದಿಯನ್ನು ಹಂತಹಂತವಾಗಿ ನೋಡುವುದು ಒಳ್ಳೆಯದು.

ಮೊದಲ ಕೆಲಸವೆಂದರೆ ಅನ್ಯಾಯ ಯಾವ ಕಲಮಿನಲ್ಲಿ ಅಡಗಿದೆ ಎಂದು ಹುಡುಕುವುದು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 4(2)ನೇ ಕಲಮು ಕೃಷಿಭೂಮಿಯ ಗೇಣಿ ಹಕ್ಕಿನ ವಾರಸುದಾರಿಕೆಯನ್ನು ರಾಜ್ಯಗಳ ಕಾನೂನಿಗೆ ಬಿಟ್ಟುಕೊಟ್ಟಿತ್ತು. ಉತ್ತರ ಪ್ರದೇಶ, ದೆಹಲಿಯಂಥ ಕಡೆ ಆ ಕಾನೂನುಗಳು ಗಂಡುಸಂತತಿಗೇ ಆದ್ಯತೆ ನೀಡಿದ್ದರಿಂದ, ಮನೆಯಲ್ಲಿ ಪಾಲು ಪಡೆಯಬಹುದಾಗಿದ್ದ ಮಗಳು ಹೊಲದ ವಿಷಯಕ್ಕೆ ಬಂದಾಗ ಹಿಂದೆ ಸರಿಯಬೇಕಾಗುತ್ತಿತ್ತು.

ಎರಡನೆಯದಾಗಿ, ಈಗಾಗಲೇ ಇರುವ ಮಾದರಿಗಳನ್ನೂ ಅವುಗಳ ಕೊರತೆಯನ್ನೂ ಮುಂದಿಡಬೇಕು. ಕರ್ನಾಟಕವು 1994ರಲ್ಲೇ ಮಗಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕು ಕೊಟ್ಟಿತ್ತಾದರೂ, ಅದಕ್ಕೂ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು.

ಮೂರನೆಯದು ಸಮಯಪ್ರಜ್ಞೆ, ಫಲಿತಾಂಶ ನಿಂತಿರುವುದು ಹೆಚ್ಚಾಗಿ ಇದರ ಮೇಲೆ. 2004ರ ಡಿಸೆಂಬರ್ 20ರಂದು ರಾಜ್ಯಸಭೆಗೆ ಬಂದ ಮಸೂದೆ 4(2)ನೇ ಕಲಮನ್ನು ಮುಟ್ಟಿರಲೇ ಇಲ್ಲ. ಮಸೂದೆ ಸಂಸದೀಯ ಸ್ಥಾಯಿ ಸಮಿತಿಯ ಮುಂದಿದ್ದಾಗ ಅರ್ಥಶಾಸ್ತ್ರಜ್ಞೆ ಬೀನಾ ಅಗರ್ವಾಲ್ ಅವರ ಮುಂದಾಳತ್ವದಲ್ಲಿ ಹೋರಾಟಗಾರರು ಮನವಿ ಸಲ್ಲಿಸಿ, ಆ ಕಲಮನ್ನು ಕೈಬಿಡಬೇಕೆಂದು ಪಟ್ಟುಹಿಡಿದರು. ಮೆರವಣಿಗೆಗೆ ಹೋಲಿಸಿದರೆ ಇದು ಸಪ್ಪೆ ಕೆಲಸ, ಆದರೆ ಕಾನೂನಿನ ಪದಗಳು ಬದಲಾಗುವುದು ಇಂಥಲ್ಲಿಯೇ. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕಾಯ್ದೆಯಲ್ಲಿ ಆ ಕಲಮು ಇರಲಿಲ್ಲ.

ಭೂಮಿ ರಾಜ್ಯಪಟ್ಟಿಯ, ಅಂದರೆ ರಾಜ್ಯಗಳೇ ಕಾನೂನು ಮಾಡುವ, ವಿಷಯವಾದ್ದರಿಂದ ಹೋರಾಟ ದೆಹಲಿಗೇ ಮುಗಿಯುವುದಿಲ್ಲ. 2016ರಲ್ಲಿ ಜಾರಿಯಾದ ಉತ್ತರ ಪ್ರದೇಶದ ಕಂದಾಯ ಸಂಹಿತೆ ವಿವಾಹಿತ ಮಗಳನ್ನು ಮತ್ತೆ ಹಿಂದಿನ ಸಾಲಿನಲ್ಲೇ ಕೂರಿಸಿತು. ನ್ಯಾಯಾಲಯದ ಬಾಗಿಲೂ ತೆರೆದಿರಬೇಕು: 2005ರಲ್ಲಿ ತಂದೆ ಬದುಕಿರದಿದ್ದರೂ ಮಗಳ ಹಕ್ಕು ಉಳಿಯುತ್ತದೆ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು.

ಕಡೆಯ ಹಂತ ಕಂದಾಯ ದಾಖಲೆಯದು. ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಅರ್ಜಿ ಹಾಕುವಾಗ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗಬಹುದು. ಅರಿಶಿನ-ಕುಂಕುಮದ ಹೆಸರಿನಲ್ಲಿ ಒಂದಿಷ್ಟು ಕೊಟ್ಟು ಅಕ್ಕತಂಗಿಯರಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದೂ ಉಂಟು. ಆದ್ದರಿಂದ ಸಂಘಟನೆಗಳು ಸಹಿಗೆ ಮುನ್ನ ಪತ್ರವನ್ನು ಓದಿ ಹೇಳುವ, ಪಹಣಿಯಲ್ಲಿ ಹೆಸರು ಬಂದಿದೆಯೇ ಎಂದು ನೋಡುವ ಕಾರ್ಯಕರ್ತೆಯರನ್ನು ಊರೂರಿನಲ್ಲಿ ತಯಾರು ಮಾಡಬೇಕಾಗುತ್ತದೆ. ಎಲ್ಲೆಲ್ಲಿ, ಯಾವ ಹಂತದಲ್ಲಿ ಹೆಸರು ಬಿಟ್ಟುಹೋಯಿತು ಎಂದು ಅವರು ಬರೆದಿಡುವ ವಿವರವೇ ಮುಂದಿನ ತಿದ್ದುಪಡಿಯ ಮನವಿಗೆ ಸಾಕ್ಷ್ಯವಾಗುತ್ತದೆ.